ನೀರಿನ ಹೆಣ್ಣುಮಕ್ಕಳ ವರಸೆ

ಮನುಷ್ಯನನ್ನು ಈ ಲೋಕಕ್ಕೆ ಬಿಗಿದಿರುವ ಹಗ್ಗಗಳಲ್ಲಿ ರಕ್ತಸಂಬಂಧಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲವೆಂದು ಹಿರಿಯರು ಬಹಳ ಗಂಭೀರವಾಗಿ ಹೇಳುತ್ತ ಬಂದಿದ್ದಾರೆ. ಈ ಮಾತು ಸುಳ್ಳು. ಅದಕ್ಕಿಂತ ಗಟ್ಟಿಯಾದದ್ದು ನೆರೆಮನೆಯ ಸಂಬಂಧ. ರಕ್ತಸಂಬಂಧವನ್ನು ಹೊಲ ಪಾಲಾದ ದಿನ ಕಡಿದುಕೊಂಡು ಕೈತೊಳೆಯಬಹುದು. ಒಂದೇ ಗೋಡೆಯ ಆಚೀಚೆ ಬೆಳೆದ ಇಬ್ಬರು ಹೆಂಗಸರ ಅಕ್ಕತಂಗಿತನವನ್ನು ಕಡಿಯುವ ಕುಡುಗೋಲು ಇನ್ನೂ ತಯಾರಾಗಿಲ್ಲ. ಆ ಗೋಡೆಯೇ ಬಿದ್ದು, ಓಣಿಯೇ ಮುಳುಗಿ, ಅದರ ಮೇಲೆ ಆಲಮಟ್ಟಿಯ ಹಿನ್ನೀರು ನಿಂತು, ಆ ನೀರಿನ ಮೇಲೆ ಕೊಕ್ಕರೆ ಹಾರಾಡುವಂತಾದರೂ ಆ ಅಕ್ಕತಂಗಿತನ ಮಾತ್ರ ಒಣಗಿದ ನೆಲದಲ್ಲಿ ಸುಖವಾಗಿ ಇರುತ್ತದೆ, ಪ್ರತಿ ವಾರ ಫೋನಿನಲ್ಲಿ ಮಾತಾಡುತ್ತದೆ, ಮತ್ತು ಸಮಯ ಬಂದಾಗ ನಿಮ್ಮ ಮಗಳ ಮದುವೆಗೆ ಅಡ್ಡ ಬಂದು ಕೂಡುತ್ತದೆ.

ನನ್ನ ವಿಷಯವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ನಾನು ಬಾಗಲಕೋಟೆಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಕಲಿಸಿದೆ ಎಂಬುದು ನನ್ನ ಹೇಳಿಕೆ. ಕಲಿತೆವು ಎಂದು ಯಾರೂ ಇದುವರೆಗೆ ಮುಂದೆ ಬಂದಿಲ್ಲ. ನಿವೃತ್ತಿಯ ನಂತರ ನಮ್ಮ ನವನಗರದ ಗೆಳೆಯರಲ್ಲಿ ಒಬ್ಬರು ಯೋಗಕ್ಕೆ ಬಿದ್ದರು, ಒಬ್ಬರು ರಾಜಕಾರಣಕ್ಕೆ ಬಿದ್ದರು, ನಾನು ಗ್ರೀಕರ ಜಲಕನ್ಯೆಯರ ಬೆನ್ನು ಹತ್ತಿದೆ. ಅವರ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬರೆಯಬೇಕೆಂಬುದು ನನ್ನ ಘನವಾದ ಉದ್ದೇಶ. ನಮ್ಮಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಎಲ್ಲರೂ ಹೆಣ್ಣು. ಗ್ರೀಕರಲ್ಲಿ ಹೊಳೆಗಳು ಬಹುಪಾಲು ಗಂಡಸರು. ಆ ಹೊಳೆಗಳ ಹೆಣ್ಣುಮಕ್ಕಳು ಊಟೆ, ಕೊಳ, ತೊರೆಗಳಲ್ಲಿ ವಾಸವಾಗಿರುತ್ತಾರೆ. ಈ ಸಂಗತಿಯನ್ನು ಒಂದು ಬೆಳಿಗ್ಗೆ ನನ್ನ ಹೆಂಡತಿ ಶಾರದಾಳಿಗೆ ವಿವರಿಸಿದಾಗ ಅವಳು ನಳದ ಕೆಳಗೆ ಕೊಡ ಇಟ್ಟು, "ಗಂಡಸರ ಕೈಯಾಗ ನೀರು ಕೊಟ್ಟಾರಂದ್ರ ಅಲ್ಲೂ ಎಂಟು ದಿನಕ್ಕೊಮ್ಮೆ ಬಿಡತಿರಬೇಕು" ಎಂದಳು. ಅಂದಿನಿಂದ ಅವರು ನಮ್ಮ ಮನೆಯಲ್ಲಿ 'ನಿಮ್ಮ ನೀರಿನ ಹೆಣ್ಮಕ್ಕಳು' ಎಂದು ಹೆಸರಾದರು. "ನಿಮ್ಮ ನೀರಿನ ಹೆಣ್ಮಕ್ಕಳನ್ನ ಅತ್ತಾಗ ಸರಿಸ್ರಿ, ಹಪ್ಪಳ ಒಣಗಿಸಬೇಕು" ಎಂಬಂತೆ.

ಇನ್ನು ಮಗಳ ವಿಷಯ. ವಿದ್ಯಾ ಹುನಗುಂದದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ಬಾದಾಮಿಯ ಶಾಂತವ್ವ ನನ್ನ ಹೆಂಡತಿಯ ಹಳೆಯ ಗೆಳತಿ. ಹಳೆಯ ಬಾಗಲಕೋಟೆಯಲ್ಲಿ ಹಿನ್ನೀರಿಗೆ ಮುಳುಗಿಹೋದ ಓಣಿಯಲ್ಲಿ ಇವರಿಬ್ಬರದೂ ಒಂದೇ ಗೋಡೆಯ ಮನೆಗಳು. ಶಾಂತವ್ವನ ಮಗ ಮಲ್ಲಿಕಾರ್ಜುನ ಬೇವೂರಿನಲ್ಲಿ ದನದ ಡಾಕ್ಟರು. ತಾಯಿ ಕಳಿಸಿದ ತುಪ್ಪದ ಡಬ್ಬಿ ಕೊಡಲು ಒಮ್ಮೆ ನಮ್ಮ ಮನೆಗೆ ಬಂದಾಗ ನಮ್ಮ ಬೆಕ್ಕಿಗೆ ಜ್ವರ ಬಂದಿತ್ತು. ಅವನು ನೋಡಿದ, ಔಷಧ ಕೊಟ್ಟ, ಮತ್ತೆ ಬಂದು ನೋಡುತ್ತೇನೆಂದ. ಬೆಕ್ಕು ಗುಣವಾಗಿ, ದಪ್ಪಗಾಗಿ, ಎರಡು ಸಲ ಮರಿ ಹಾಕಿದ ಮೇಲೂ ಚಿಕಿತ್ಸೆ ಮುಂದುವರಿಯಿತು. ವಿದ್ಯಾಳ ರಜೆಯ ದಿನವೇ ಬೆಕ್ಕಿಗೆ ತೊಂದರೆಯಾಗುತ್ತಿದ್ದುದು ನನಗೆ ವಿಚಿತ್ರವಾಗಿ ಕಂಡಿತೇ ಹೊರತು ಅರ್ಥವಾಗಲಿಲ್ಲ. ಶಾರದಾಳಿಗೆ ಮೊದಲ ದಿನವೇ ಅರ್ಥವಾಗಿತ್ತು. ಗಟ್ಟಿ ಆಳು ಹುಡುಗ, ಮೆತ್ತಗಿನ ಮಾತು, ಎಮ್ಮೆ ಒದ್ದರೂ ಎಮ್ಮೆಯನ್ನು ಬೈಯುವವನಲ್ಲ. ಇಂಥ ಅಳಿಯನನ್ನು ಕೊಡುವ ದೇವರಿಗೆ ಕೈ ಮುಗಿದು ಸುಮ್ಮನಿರುವುದಷ್ಟೇ ನಮ್ಮ ಕೆಲಸ ಎಂದುಕೊಂಡೆವು. ಆದರೆ ಸುಮ್ಮನಿರುವ ಮೊದಲು ಇಳಕಲ್ಲಿಗೆ ಒಂದು ಫೋನು ಮಾಡಬೇಕಿತ್ತು.

ಇಳಕಲ್ಲಿನಲ್ಲಿ ನನ್ನ ಅಕ್ಕ ಗಂಗವ್ವ ಇದ್ದಾಳೆ. ನಮ್ಮ ಬಳಗದಲ್ಲಿ ಯಾವುದೇ ಮದುವೆಗೆ ಹುಡುಗ ಒಪ್ಪಬೇಕು, ಹುಡುಗಿ ಒಪ್ಪಬೇಕು, ಆಮೇಲೆ ಗಂಗವ್ವ ಒಪ್ಪಬೇಕು. ಮೂರರಲ್ಲಿ ಮೊದಲಿನ ಎರಡು ತಪ್ಪಿದರೂ ನಡೆಯುತ್ತಿದ್ದ ಕಾಲವೊಂದಿತ್ತು. ಅವಳ ಕೆಲಸ ವರಸೆ ನೋಡುವುದು, ಅಂದರೆ ಹುಡುಗ ಹುಡುಗಿಗೆ ಏನಾಗಬೇಕು ಎಂದು ಹುಡುಕಿ ತೆಗೆಯುವುದು. ಸೋದರಮಾವನೋ ಅತ್ತೆಯ ಮಗನೋ ಆದರೆ ಸೈ. ಅಣ್ಣನ ಸಮಾನನೋ ಕಾಕಾನ ಸಮಾನನೋ ಆದರೆ ಅಲ್ಲಿಗೆ ಮಾತು ಮುಗಿಯಿತು. ಏನೂ ಆಗಬೇಕಾಗಿಲ್ಲ ಎಂಬ ಉತ್ತರವನ್ನು ಅಕ್ಕ ಒಪ್ಪುವುದಿಲ್ಲ. ಜಗತ್ತಿನಲ್ಲಿ ಯಾರಿಗೂ ಏನೂ ಆಗದ ಮನುಷ್ಯ ಅವಳ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಮೊದಲು ಅವಳಿಗೆ ಹಿಗ್ಗೇ ಆಯಿತು. ನಮ್ಮ ತಂದೆಯ ಕಡೆಯ ಹುನಗುಂದದ ಹಿರಿಯರೊಬ್ಬರ ಮೂಲಕ ಶಾಂತವ್ವ ನಮಗೆ ದೂರದ ತಂಗಿ. ತಂಗಿಯ ಮಗನಿಗೆ ಅಣ್ಣನ ಮಗಳು: ಇದಕ್ಕಿಂತ ಹದವಾದ ವರಸೆ ಬ್ರಹ್ಮನೂ ಹೊಂದಿಸಲಾರ. "ಛಲೋ ಆತಲ್ಲೋ ತಮ್ಮಾ, ಅತ್ತಿ ಮನಿಗೇ ಹೊಂಟಾಳ ಹುಡುಗಿ" ಎಂದು ಫೋನು ಇಟ್ಟಳು. ಸಂಜೆ ಅವಳದೇ ಫೋನು ಬಂತು. ದನಿ ಬದಲಾಗಿತ್ತು.

"ತಮ್ಮಾ, ಪಂಚಮಿಗೆ ನಿನ್ನ ಹೇಂತಿ ಹಾಲು ಹೆಂಗ ಎರೀತಾಳ?"

ನಾಗರಪಂಚಮಿಯ ದಿನ ನಮ್ಮ ಕಡೆ ಹೆಂಗಸರು ನಾಗಪ್ಪನಿಗೆ ಹಾಲೆರೆಯುವಾಗ ತವರಿನ ಒಬ್ಬೊಬ್ಬರ ಹೆಸರು ಹೇಳಿ, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಎರೆಯುವ ವಾಡಿಕೆ. ಒಡಹುಟ್ಟಿದ ಅಕ್ಕನಿಲ್ಲದ ಶಾರದಾ ಸಣ್ಣವಳಿದ್ದಾಗಿನಿಂದ 'ಅಕ್ಕನ ಪಾಲು' ಎಂದು ಶಾಂತವ್ವನ ಹೆಸರಿನಲ್ಲಿ ಎರೆಯುತ್ತ ಬಂದವಳು. ಮದುವೆಯಾಗಿ ಬಂದ ಮೇಲೂ ಬಿಟ್ಟಿಲ್ಲ. ಬಿಡದಿದ್ದುದನ್ನು ಹಬ್ಬಕ್ಕೆ ಬಂದ ಅಕ್ಕ ಕಣ್ಣಾರೆ ಕಂಡಿದ್ದಾಳೆ.

"ಹಂಗಂದ್ರ ಶಾಂತವ್ವ ನಿನ್ನ ಹೇಂತಿಗೆ ಅಕ್ಕ ಆದಳು. ನಿನ್ನ ಮಗಳಿಗೆ ದೊಡ್ಡವ್ವ ಆದಳು. ದೊಡ್ಡವ್ವನ ಮಗ ಏನಾಗತಾನ?"

"ಅಣ್ಣ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಮಾಸ್ತರನಾಗಿದ್ದವನಿಗೆ ಪ್ರಶ್ನೆ ಕೇಳಿದರೆ ಉತ್ತರ ತಡೆಯುವುದು ಕಷ್ಟ.

"ನೀನ ಅಂದಿ, ನಾ ಅನ್ನಲಿಲ್ಲ" ಎಂದಳು ಅಕ್ಕ. "ಇದು ಬಾಯಿಮಾತಿನ ನಂಟಸ್ತನ ಅಲ್ಲೋ ತಮ್ಮಾ. ನಾಗಪ್ಪನ ಮುಂದ ಹಾಲು ಎರದು ಮಾಡ್ಕೊಂಡದ್ದು. ಅಣ್ಣಗ ತಂಗೀನ ಕೊಟ್ಟ ಮನಿ ಉದ್ಧಾರ ಆದದ್ದು ಹಿಂದ ಎಲ್ಯರ ಐತೇನು? ಇದ್ದರ ಬಂದು ತೋರ್ಸು, ಒಪ್ಪತೇನಿ."

ಮನೆಯಲ್ಲಿ ಸೂತಕದಂತಾಯಿತು. ತಪ್ಪು ಯಾರದು ಎಂದರೆ ಪ್ರೀತಿಯದು. ಅದರ ಮೇಲೆ ಸಿಟ್ಟು ಮಾಡುವುದು ಹೇಗೆ? ಶಾರದಾ ಅಡಿಗೆಮನೆಯಲ್ಲಿ ಕೂತು, "ನನ್ನ ಕೈಯಾರೆ ನಾನ ಹಾಲು ಸುರುವಿ ಮಗಳ ಬಾಳಿಗೆ ಕಲ್ಲು ಹಾಕಿದ್ನೇನ್ರಿ?" ಎಂದು ಕಣ್ಣೊರೆಸಿಕೊಂಡಳು. ವಿದ್ಯಾ ಅಳುವವಳಲ್ಲ. "ಅಪ್ಪಾ, ಇಳಕಲ್ಲ ಅತ್ತಿ ಮನಸ್ಸು ನೋಯಿಸಿ ನಾ ಮದುವಿ ಆಗೂದಿಲ್ಲ. ಆದ್ರ ಅವರನ್ನ ಅಣ್ಣಾ ಅಂತ ಕರಿಯೂದೂ ಇಲ್ಲ. ಬೇರೆಯವರನ್ನ ನೋಡಬ್ಯಾಡ್ರಿ. ಕಾಲೇಜು ಐತಿ, ಬೆಕ್ಕು ಐತಿ, ಇದ್ದುಬಿಡ್ತೇನಿ" ಎಂದು ಬಸ್ಸಿಗೆ ಹೊರಟುಹೋದಳು. ಹೊರಡುವ ಮೊದಲು ಬೆಕ್ಕನ್ನು ಮಾತ್ರ ಒಮ್ಮೆ ಎತ್ತಿಕೊಂಡು ಇಳಿಸಿದಳು. ಹುಡುಗನಿಗೆ ನಾನೇ ಫೋನು ಮಾಡಿ ತಿಳಿಸಿದೆ. ಅವನು ಯಾವುದೋ ದನದ ಕೊಟ್ಟಿಗೆಯಲ್ಲಿದ್ದ. "ಸರ್, ಇಲ್ಲಿ ಎತ್ತು ಒದರಾಕ ಹತ್ತೇತ್ರಿ, ಇನ್ನೊಮ್ಮೆ ಹೇಳ್ರಿ" ಎಂದ. ಹೇಳಿದೆ. ಎತ್ತು ಮತ್ತೊಮ್ಮೆ ಒದರಿತು. ಆಮೇಲೆ, "ನಾ ಯಾರಿಗೆ ಅಣ್ಣ ಅಂದ್ರಿ ಸರ್?" ಎಂದ. ಆ ಎತ್ತಿಗೆ ಅಂದು ಸರಿಯಾದ ಚಿಕಿತ್ಸೆ ಸಿಕ್ಕಿತೋ ಇಲ್ಲವೋ ನಾನು ಹೇಳಲಾರೆ.

ಅಕ್ಕ ಕೇಳಿದ್ದು ಹಿಂದಿನ ಒಂದು ಉದಾಹರಣೆ. ನಮ್ಮ ಬಳಗದಲ್ಲಿ ನಾಲ್ಕು ತಲೆಮಾರು ಜಾಲಾಡಿದರೂ ಅಂಥದು ಸಿಗಲಿಲ್ಲ. ನಡೆಯುವಂತಿದ್ದರೂ ಅದನ್ನು ಅಕ್ಕನೇ ತಪ್ಪಿಸಿರುತ್ತಿದ್ದಳು. ಮೂರನೆಯ ದಿನ ಅನ್ನ ಸೇರದೆ ನನ್ನ ಪುಸ್ತಕಗಳ ಮುಂದೆ ಕೂತಿದ್ದಾಗ ನನಗೆ ಡೋರಿಸ್ ನೆನಪಾದಳು. ಸಾಗರದ ಮಗಳು, ಜಲಕನ್ಯೆ, ನೆರಿಯಸನೆಂಬ ಸಮುದ್ರದೇವನ ಹೆಂಡತಿ. ಹೆಂಡತಿಯಾಗುವ ಮೊದಲು ನೆರಿಯಸನಿಗೆ ಏನಾಗಿದ್ದಳು? ಬೆರಳು ಮಡಚಿ ಲೆಕ್ಕ ಹಾಕಿದೆ. ಎದ್ದು ನಿಂತೆ. "ಶಾರದಾ, ಚಪ್ಪಲಿ ಹಾಕ್ಕೋ, ಇಳಕಲ್ಲಿಗೆ ಹೋಗೋಣ" ಎಂದೆ. "ಯಾರಿಗೆ ಏನಾತ್ರಿ?" ಎಂದು ಅವಳು ಗಾಬರಿಯಾದಳು. ದಾರಿಯಲ್ಲಿ ಅಮೀನಗಡದಲ್ಲಿ ಕರದಂಟು ಕೊಂಡೆವು. ಅಕ್ಕನಿಗೆ ಹಲ್ಲಿಲ್ಲ, ಆದರೂ ಬರಿಗೈಯಲ್ಲಿ ನ್ಯಾಯ ಕೇಳಲು ಹೋಗಬಾರದು.

ಅಕ್ಕ ತನ್ನ ಮನೆಯ ಕಟ್ಟೆಯ ಮೇಲೆ ಕಾಯಿಪಲ್ಲೆ ಹರವಿಕೊಂಡು ಕೂತಿದ್ದಳು. ಒಳಗೆಲ್ಲೋ ಮಗ್ಗದ ಸದ್ದು. ನೀರು ಕುಡಿದು, ಕ್ಷೇಮ ಕೇಳಿ, ನಾನು ಅವಳ ಕಾಯಿಪಲ್ಲೆಗೇ ಕೈ ಹಾಕಿದೆ. ಒಂದು ಉಳ್ಳಾಗಡ್ಡಿ ಇಟ್ಟು, "ಇವ ಓಶಿಯಾನಸ್. ಭೂಮಿಯ ಸುತ್ತ ಹರಿಯೂ ದೊಡ್ಡ ಹೊಳಿ. ಭೂದೇವಿ ಮಗ" ಎಂದೆ. ಒಂದು ಬದನೆಕಾಯಿ, ನಮ್ಮ ಮುಳಗಾಯಿ, ಇಟ್ಟು, "ಇಕಿ ಟೆಥಿಸ್. ಅವನ ಹೇಂತಿ" ಎಂದೆ.

"ಯಾರ ಮಗಳು?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಇಷ್ಟು ಬೇಗ ಬರುತ್ತದೆಂದು ಗೊತ್ತಿರಲಿಲ್ಲ. "ಭೂದೇವಿ ಮಗಳು" ಎಂದೆ ಸಣ್ಣ ದನಿಯಲ್ಲಿ.

"ಅಂದ್ರ ಒಡಹುಟ್ಟಿದಾಕಿ!" ಅಕ್ಕ ಮುಳಗಾಯಿಯನ್ನು ಉಳ್ಳಾಗಡ್ಡಿಯಿಂದ ಮೊಳ ದೂರ ಸರಿಸಿದಳು. "ಏ ಶಾರದಾ, ನಿನ್ನ ಗಂಡಗ ನೆತ್ತಿಗೆ ಎಣ್ಣಿ ಹಚ್ಚತಿಯೋ ಇಲ್ಲೋ? ಇಂಥಾ ಮನಿ ಸುದ್ದಿ ಹೇಳಾಕ ಬಸ್ಸು ಹತ್ತಿ ಬಂದಾನ!"

"ಅಕ್ಕಾ, ಆಗಿನ್ನೂ ಲೋಕದಾಗ ಬೇರೆ ಮಂದಿನ ಇರಲಿಲ್ಲ" ಎಂದು ಸಮಾಧಾನ ಹೇಳಿದೆ. "ಅವರಿಗೆ ಮೂರು ಸಾವಿರ ಹೆಣ್ಣುಮಕ್ಕಳು. ಎಲ್ಲಾರೂ ನೀರಾಗಿನ ಕನ್ಯೇರು."

ಇಲ್ಲಿ ಅಕ್ಕನ ಸಿಟ್ಟು ಜಾರಿ ಕನಿಕರಕ್ಕೆ ಬಿತ್ತು. "ಯವ್ವಾ, ಮೂರು ಸಾವಿರ! ಬಾಣಂತನ ಯಾರು ಮಾಡಿದ್ರೋ? ಪಂಚಮಿಗೆ ಎಲ್ಲಾರೂ ತವರಿಗೆ ಬಂದರಂದ್ರ ಉಂಡಿ ಎಲ್ಲಿಂದ ಕಟ್ಟಿದಳು ಪಾಪ?" ಮುಳಗಾಯಿಯನ್ನು ಮತ್ತೆ ಹತ್ತಿರ ತಂದು ಇಟ್ಟಳು. ಆಗ ನಾನು ಒಂದು ಹಸಿಮೆಣಸಿನಕಾಯಿ ಇಟ್ಟು ಅದನ್ನು ಡೋರಿಸ್ ಎಂದೆ, ಒಂದು ಬಳ್ಳೊಳ್ಳಿ ಗಡ್ಡೆ ಇಟ್ಟು ನೆರಿಯಸ್ ಎಂದೆ. ನೆರಿಯಸನೂ ಭೂದೇವಿಯ ಮಗನೇ, ಆದರೆ ತಂದೆ ಬೇರೆ. ತಂದೆ ಯಾರೆಂದು ಕೇಳಿದರೆ ಜೋರಾಗಿ ಕೆಮ್ಮಬೇಕೆಂದು ಬಸ್ಸಿನಲ್ಲೇ ನಿಶ್ಚಯಿಸಿದ್ದೆ. ಅವನೂ ಭೂದೇವಿಯ ಮಗನೇ ಎಂದು ಹೇಳಿದ್ದರೆ ಅಕ್ಕ ಕಾಯಿಪಲ್ಲೆಯನ್ನೆಲ್ಲ ದನಕ್ಕೆ ಹಾಕಿಬಿಡುತ್ತಿದ್ದಳು. ಪುಣ್ಯಕ್ಕೆ ಕೇಳಲಿಲ್ಲ. ಅವಳ ಕಣ್ಣು ಆಗಲೇ ಬಳ್ಳೊಳ್ಳಿಯಿಂದ ಮುಳಗಾಯಿಗೆ, ಮುಳಗಾಯಿಯಿಂದ ಮೆಣಸಿನಕಾಯಿಗೆ ಓಡಾಡುತ್ತಿತ್ತು.

"ಇವ ಆಕಿ ಅವ್ವಗ ತಮ್ಮ. ಹಂಗಂದ್ರ ಸೋದರಮಾವ. ಸೋದರಮಾವನ್ನ ಮಾಡ್ಕೊಂಡಾಳ, ಛಲೋನ ಐತಲ್ಲೋ!"

"ಇನ್ನೊಮ್ಮೆ ನೋಡವ್ವಾ. ಆಕಿ ಅಪ್ಪಗೂ ತಮ್ಮ."

ಅಕ್ಕ ಉಳ್ಳಾಗಡ್ಡಿಯನ್ನು ನೋಡಿದಳು. ಮುಖ ಸಪ್ಪಗಾಯಿತು. "ಕಾಕಾನೂ ಆದ" ಎಂದಳು. ಅವ್ವನ ಕಡೆಯಿಂದ ನೋಡಿದರೆ ಕೊಡಬೇಕಾದವನು, ಅಪ್ಪನ ಕಡೆಯಿಂದ ನೋಡಿದರೆ ಕೊಡಬಾರದವನು. ನಮ್ಮ ಮಲ್ಲಿಕಾರ್ಜುನನ ಕಥೆಯೇ, ಕಡೆ ಮಾತ್ರ ಅದಲುಬದಲು. ಇಷ್ಟು ವರ್ಷ ಜಲಕನ್ಯೆಯರನ್ನು ಓದಿದ್ದು ಈ ಒಂದು ಕ್ಷಣಕ್ಕೇ ಎನ್ನಿಸಿ ಎದೆ ತುಂಬಿ ಬಂತು. ಆ ಹಿಗ್ಗಿನಲ್ಲಿ ಸುಮ್ಮನಿರುವುದನ್ನು ಬಿಟ್ಟು ಒಂದು ಹಿಡಿ ಶೇಂಗಾ ತೆಗೆದು ಮೆಣಸಿನಕಾಯಿಯ ಮುಂದೆ ಸುರಿದೆ. "ಸಂಸಾರ ಹೆಂಗ ಬೆಳೀತು ನೋಡು. ಐವತ್ತು ಮಂದಿ ಹೆಣ್ಣುಮಕ್ಕಳು!"

"ಐವತ್ತೂ ಹೆಣ್ಣ?" ಎಂದಳು ಅಕ್ಕ. ಶಾರದಾ ನನ್ನ ತೊಡೆ ಚಿವುಟಿದಳು. ತಡವಾಗಿತ್ತು. "ನೋಡಿದ್ಯಾ, ವರಸಿ ತಪ್ಪಿದರ ದೇವರು ಹೆಂಗ ತೋರಸ್ತಾನ" ಎಂದು ಅಕ್ಕ ತಲೆಯಾಡಿಸಿದಳು. ನನ್ನ ವಕೀಲಿಕೆ ನನ್ನ ಕಣ್ಣೆದುರೇ ಶೇಂಗಾದ ರಾಶಿಯಲ್ಲಿ ಮುಳುಗಿತು.

ಶಾರದಾ ಆಗ ಬಾಯಿ ತೆರೆದಳು. "ಆ ಐವತ್ತು ಮಂದಿ ಎಲ್ಲಿ ಇರತಿದ್ರು ಅಂತ ಕೇಳ್ರಿ ವೈನಿ. ಅಪ್ಪನ ಮನ್ಯಾಗ, ಕೂಡಿ ಹಾಡಿಕೋಂತ ಕುಣಕೋಂತ ಇರತಿದ್ರಂತ. ಸಮುದ್ರದ ತಳದಾಗ. ಇವರು ಓದಿ ಹೇಳ್ಯಾರ ನನಗ."

ನಾನು ಬೆರಗಾದೆ. ಕೊಡ ತುಂಬುತ್ತಲೇ, ಹಪ್ಪಳ ಒಣಗಿಸುತ್ತಲೇ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ತವರುಮನಿ ನೀರಾಗ?" ಎಂದಳು ಅಕ್ಕ.

"ನಂದೂ ನೀರಾಗ ಐತಲ್ರಿ. ನಂದು, ಶಾಂತಕ್ಕಂದು, ಇಬ್ಬರದೂ." ಶಾರದಾ ತಲೆ ಬಗ್ಗಿಸಿ ಒಂದು ಶೇಂಗಾ ಸುಲಿದಳು. ಸುಲಿದು ತಿನ್ನಲಿಲ್ಲ.

ಅಕ್ಕ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಮೆತ್ತಗಿನ ದನಿಯಲ್ಲಿ, "ಆ ಹುಡುಗ್ಯಾರ ಮದುವಿ ಆತೇನು?" ಎಂದು ನನ್ನನ್ನು ಕೇಳಿದಳು. ಒಬ್ಬಳ ಕಥೆ ಹೇಳಿದೆ. ಅವಳ ಹೆಸರು ಥೆಟಿಸ್. "ಅಜ್ಜಿ ಹೆಸರು ಇಟ್ಟಾರ, ಶಾಣ್ಯಾ ಮಂದಿ" ಎಂದು ಅಕ್ಕ ನಡುವೆ ಮೆಚ್ಚಿದಳು. ಹೆಸರುಗಳು ಬೇರೆ ಬೇರೆ ಎಂದು ತಿದ್ದುವ ಸಮಯ ಅದಾಗಿರಲಿಲ್ಲ. ದೇವರೆಲ್ಲ ಕೂಡಿ ಥೆಟಿಸಳನ್ನು ಒಬ್ಬ ಮನುಷ್ಯನಿಗೆ ಕೊಡಬೇಕೆಂದು ಗೊತ್ತುಮಾಡಿದರು. ಅವಳು ಒಲ್ಲೆನೆಂದಳು. ಅವನು ದಂಡೆಯಲ್ಲಿ ಕಾದು ಹಿಡಿದುಕೊಂಡ. ಅವಳು ಬೆಂಕಿಯಾದಳು, ನೀರಾದಳು, ಸಿಂಹವಾದಳು, ಹಾವಾದಳು. ಅವನು ಬಿಡಲಿಲ್ಲ. ಕಡೆಗೆ ಸೋತು ಹೆಣ್ಣಾದಳು, ಮದುವೆಯಾಯಿತು.

"ವರಸಿ ಹೆಂಗಿತ್ತು?"

"ವರಸಿಗೆ ಯಾರೂ ಏನೂ ಅಂದಿಲ್ಲಕ್ಕಾ. ಎಲ್ಲಾ ದೇವರೂ ಬಂದು ಉಂಡು ಹೋದ್ರು."

"ಬಾಳಿದಳೇನು?"

"ಇಲ್ಲ. ಕೂಸನ್ನ ಬಿಟ್ಟು ನೀರಿನಾಗ ಅಪ್ಪನ ಮನಿಗೆ ಹೋದಳು."

"ಮತ್ತ ಆಕಿ ಅವ್ವ? ಡೋರಿಸವ್ವ?"

"ಆಕಿ ಕಡೀತನ ಛಲೋ ಇದ್ದಳು. ಗಂಡ ಭಾಳ ಮೆತ್ತನ್ನ ಮನಶ್ಯಾ. ಒಂದಿನಾ ಸುಳ್ಳು ಹೇಳಿದವನಲ್ಲ."

ಅಕ್ಕ ಸೆರಗಿನ ಕೆಂಪು ದಡಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ನಮ್ಮ ಭಾವ ತೀರಿಕೊಂಡು ಬಹಳ ವರ್ಷವಾಯಿತು. ಅವರು ಅಕ್ಕನಿಗೆ ಖಾಸಾ ಸೋದರಮಾವ. ಅವರ ದನಿ ಕೇಳಿದರೆ ಹಿತ್ತಲಿನ ಕೋಳಿಗಳೂ ಗೂಡು ಸೇರುತ್ತಿದ್ದವು. "ನನ್ನ ವರಸಿ ಭಾಳ ಸರಿ ಇತ್ತು ನೋಡು" ಎಂದಳು, ಯಾರಿಗೂ ಅಲ್ಲ ಎಂಬಂತೆ. ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಜೀವಮಾನದಲ್ಲಿ ನಾನು ಸರಿಯಾದ ಹೊತ್ತಿಗೆ ಸುಮ್ಮನಿದ್ದದ್ದು ಅದೊಂದೇ ಸಲ.

"ಫೋನು ಹಚ್ಚು ಹುಡುಗೀಗೆ" ಎಂದಳು.

ಹಚ್ಚಿದೆ. ವಿದ್ಯಾ ಕಾಲೇಜಿನಲ್ಲಿದ್ದಳು. ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಹುನಗುಂದಕ್ಕೆ ನೇರವಾಗಿ ಕೇಳಿಸಬೇಕೆಂಬಂತೆ ಕೂಗಿದಳು. "ಏನವ್ವಾ ವಿದ್ಯಾ, ಬಾದಾಮಿ ಶಾಂತವ್ವನ್ನ ಏನಂತ ಕರೀತಿ?"

ಆ ಕಡೆ ಮೊದಲು ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ, "ಅತ್ತಿ" ಎಂದಳು.

"ಕರದು ರೂಢಿ ಆಗೇತೇನು?"

"ಯಾರೂ ಇಲ್ಲದಾಗ ಕರದು ರೂಢಿ ಮಾಡ್ಕೊಂಡೇನ್ರಿ."

ಅಕ್ಕ ನಕ್ಕಳು. ಹಲ್ಲಿಲ್ಲದ, ಕಣ್ಣೀರು ಬರುವ ನಗೆ. "ಎರಡೂ ದಾರಿ ಖರೆ ಇದ್ದಾಗ, ನಡಿಯೂ ಹುಡುಗಿ ಯಾವ ದಾರಿ ಹಿಡೀತಾಳೋ ಅದ ದಾರಿ" ಎಂದು ತೀರ್ಪು ಕೊಟ್ಟು, ಓಶಿಯಾನಸನನ್ನೂ ಟೆಥಿಸಳನ್ನೂ ಎತ್ತಿಕೊಂಡು ಒಗ್ಗರಣೆಗೆ ಹೆಚ್ಚಲು ಕೂತಳು. "ಏ ಶಾರದಾ, ಹಾಲು ಎರಿಯೂದು ಬಿಡಬ್ಯಾಡ. ಆಕಿ ನಿನಗ ಅಕ್ಕನ. ಮಕ್ಕಳ ವರಸಿ ಮಕ್ಕಳದು." ಡೋರಿಸಳನ್ನೂ ನೆರಿಯಸನನ್ನೂ ಕೂಡಿಸಿ ಜಜ್ಜಿದ ಖಾರದ ಹಿಂಡಿಯನ್ನು ಅಂದು ರೊಟ್ಟಿಯೊಡನೆ ಉಂಡೆವು. ಅಷ್ಟು ರುಚಿಯಾದ ಊಟವನ್ನು ನಾನು ಯಾವ ಮದುವೆಯಲ್ಲೂ ಉಂಡಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಯಾರಿಗೆ ಎಷ್ಟು ಉಪಕಾರ ಹೇಳಬೇಕೆಂದು ಯೋಚಿಸುತ್ತ ಕೂತೆ. ಡೋರಿಸಳಿಗೆ, ಥೆಟಿಸಳಿಗೆ, ತನ್ನ ಬಾಳನ್ನು ಒಂದೇ ಮಾತಿನಲ್ಲಿ ತೆರೆದು ಮುಚ್ಚಿದ ಅಕ್ಕನಿಗೆ, ಜ್ವರ ಬರಿಸಿಕೊಂಡ ಬೆಕ್ಕಿಗೆ. ಪಕ್ಕದಲ್ಲಿ ಶಾರದಾ ಬಾದಾಮಿಗೆ ಫೋನು ಹಚ್ಚಿದ್ದಳು. ಹಿನ್ನೀರಿನ ಅಡಿಯ ಓಣಿಯ ಇಬ್ಬರು ಹುಡುಗಿಯರು ಅಳುತ್ತಿದ್ದರೋ ನಗುತ್ತಿದ್ದರೋ ಬಸ್ಸಿನ ಸದ್ದಿನಲ್ಲಿ ತಿಳಿಯಲಿಲ್ಲ. ನಾನು ಅವಳಿಗೆ ಉಪಕಾರ ಹೇಳಿದೆ. "ಏನ್ರಿ?" ಎಂದಳು. ಎರಡನೆಯ ಸಲ ಹೇಳುವಷ್ಟು ಧೈರ್ಯ ಬರಲಿಲ್ಲ.

ಆದರೆ ಉಪಕಾರಕ್ಕೂ ಬೆಲೆ ತೆರಬೇಕಾಗುತ್ತದೆ. ಅಕ್ಕ ಈಗ ಬಳಗದಲ್ಲೆಲ್ಲ, "ಗ್ರೀಸ್ ಕಡಿ ಇದು ನಡೀತೈತಿ, ನಮ್ಮ ತಮ್ಮಗ ಎಲ್ಲಾ ಗೊತ್ತು" ಎಂದು ಹೇಳಿಬಿಟ್ಟಿದ್ದಾಳೆ. ಪರಿಣಾಮವಾಗಿ ವರಸೆ ತೊಡಕಾದವರೆಲ್ಲ ನಮ್ಮ ಮನೆಗೆ ಬರುತ್ತಾರೆ. ಮೊನ್ನೆ ಪಟ್ಟದಕಲ್ಲಿನಿಂದ ಬಂದ ಹಿರಿಯರೊಬ್ಬರು ಚಹಾ ಕುಡಿದು, ತಮ್ಮ ಮೊಮ್ಮಗನ ಸಮಸ್ಯೆ ಹೇಳಿ, "ನಿಮ್ಮ ದೇವರೊಳಗ ಇಂಥಾದ್ದೊಂದು ಹುಡುಕಿ ಕೊಡ್ರಿ ಮಾಸ್ತರ" ಎಂದರು. ಹುಡುಕಿದರೆ ಗ್ರೀಕರಲ್ಲಿ ಸಿಗದ ವರಸೆಯೇ ಇಲ್ಲ. ಅದೇ ನನ್ನ ಭಯ. ಬೆಳಗಿನ ಹೊತ್ತು ಇದಕ್ಕೆ ಹೋಗುತ್ತದೆ, ಸಂಜೆ ಚಿಂತೆಗೆ ಹೋಗುತ್ತದೆ.

ಪುಸ್ತಕ ಬರೆದಾಗಲಿಲ್ಲ. ಮದುವೆ ಬಾದಾಮಿಯಲ್ಲಿ ಆಯಿತು.